ಅನಿಲದ ಒಲೆಯ ಬದಲು ಇಂಡಕ್ಷನ್ ಒಲೆ: ಗೃಹ ಬಳಕೆಯ ಗ್ರಾಹಕರು ನಿರ್ಧರಿಸುವ ಮುನ್ನ ತಿಳಿಯಬೇಕಾದ ಮಾಹಿತಿ

ಅಡುಗೆ ಅನಿಲದ ಒಲೆಯ ಬದಲಿಗೆ, ಅಥವಾ ಅದರ ಜೊತೆಗೆ, ವಿದ್ಯುತ್ ಇಂಡಕ್ಷನ್ ಒಲೆಯನ್ನು ಬಳಸಲು ಉದ್ದೇಶಿಸಿರುವ ಗೃಹ ಬಳಕೆಯ ಗ್ರಾಹಕರ ತಿಳುವಳಿಕೆಗಾಗಿ ಈ ಮಾಹಿತಿಯನ್ನು ಸಿದ್ಧಪಡಿಸಲಾಗಿದೆ. ಒಲೆಯ ಬೆಲೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ಸಾವಿರ ರೂಪಾಯಿ. ಆದುದರಿಂದ ಅನೇಕರು ಅದನ್ನು ಮಿಕ್ಸಿ ಅಥವಾ ಇಸ್ತ್ರಿ ಪೆಟ್ಟಿಗೆಯಂತೆ ಮತ್ತೊಂದು ಗೃಹೋಪಯೋಗಿ ಸಾಧನವೆಂದೇ ಭಾವಿಸಿ ಕೊಂಡು ತರುತ್ತಾರೆ. ಆದರೆ ಪ್ರತಿದಿನ ಒಂದೆರಡು ಗಂಟೆ ಉರಿಯುವ ಈ ಒಲೆಯು ಮನೆಯ ವಿದ್ಯುತ್ ಬಿಲ್ಲು, ಮಂಜೂರಾದ ಲೋಡ್, ವೈರಿಂಗ್ ಮತ್ತು ಗೃಹಜ್ಯೋತಿ ಸೌಲಭ್ಯ ಈ ನಾಲ್ಕರ ಮೇಲೂ ಪರಿಣಾಮ ಬೀರುತ್ತದೆ. "ಶೂನ್ಯ ಬಿಲ್ಲು ಬರುತ್ತಿದ್ದ ಮನೆಗೆ ಈ ತಿಂಗಳು ಸಾವಿರಕ್ಕೂ ಮೇಲ್ಪಟ್ಟ ಬಿಲ್ಲು ಏಕೆ ಬಂತು?" ಎಂಬ ಪ್ರಶ್ನೆಗೆ ಉತ್ತರವನ್ನು ಒಲೆ ಕೊಂಡ ನಂತರ ಕೌಂಟರಿನಲ್ಲಿ ಕೇಳುವುದಕ್ಕಿಂತ, ಕೊಳ್ಳುವ ಮೊದಲೇ ಮನೆಯಲ್ಲಿ ಬಿಲ್ಲನ್ನು ಮುಂದಿಟ್ಟುಕೊಂಡು ಕಂಡುಕೊಳ್ಳುವುದು ಸೂಕ್ತ.

ಒಲೆಯು ಕೆಲಸ ಮಾಡುವ ಬಗೆ

ಇಂಡಕ್ಷನ್ ಒಲೆಯಲ್ಲಿ ಜ್ವಾಲೆಯಾಗಲಿ ಕೆಂಪಗೆ ಕಾಯುವ ತಂತಿಯಾಗಲಿ ಇರುವುದಿಲ್ಲ. ಗಾಜಿನ ಹಲಗೆಯ ಕೆಳಗೆ ತಾಮ್ರದ ತಂತಿಯ ಸುರುಳಿಯಿದ್ದು, ಅದರಲ್ಲಿ ವಿದ್ಯುತ್ ಪ್ರವಾಹವು ಸೆಕೆಂಡಿಗೆ 20,000ಕ್ಕೂ ಹೆಚ್ಚು ಬಾರಿ ದಿಕ್ಕು ಬದಲಿಸುತ್ತದೆ. ಇದರಿಂದ ಉಂಟಾಗುವ ಕಾಂತಕ್ಷೇತ್ರವು ಪಾತ್ರೆಯ ತಳದಲ್ಲಿಯೇ ವಿದ್ಯುತ್ ಸುಳಿಗಳನ್ನು ಹುಟ್ಟಿಸಿ, ಪಾತ್ರೆಯೇ ಬಿಸಿಯಾಗುವಂತೆ ಮಾಡುತ್ತದೆ. ಗಾಜು ಬಿಸಿಯಾಗುವುದು ಪಾತ್ರೆಯಿಂದ, ಒಲೆಯಿಂದಲ್ಲ. ಅನಿಲದ ಒಲೆಯಲ್ಲಿ ಜ್ವಾಲೆಯ ಶಾಖದ ಗಣನೀಯ ಭಾಗ ಪಾತ್ರೆಯ ಬದಿಯಿಂದ ಮೇಲೆ ಹೋಗಿ ಅಡುಗೆಮನೆಯನ್ನು ಕಾಯಿಸುತ್ತದೆ. ಇಲ್ಲಿ ಆ ನಷ್ಟ ಕಡಿಮೆ. ಒಲೆಗೆ ಹೋದ ವಿದ್ಯುತ್ತಿನ ಶೇಕಡಾ 80ರಿಂದ 85ರಷ್ಟು ಭಾಗ ಪಾತ್ರೆಗೆ ತಲುಪುತ್ತದೆಂದು ಪರಿಗಣಿಸಬಹುದು. ಅನಿಲದ ಒಲೆಗೆ ಭಾರತೀಯ ಮಾನಕವು ಕನಿಷ್ಠ ಶೇಕಡಾ 68ರ ದಕ್ಷತೆಯನ್ನು ಗೊತ್ತುಪಡಿಸಿದೆ. ಬಳಸಿ ಹಳೆಯದಾದ, ಬರ್ನರಿನ ರಂಧ್ರಗಳು ಕಟ್ಟಿಕೊಂಡ ಒಲೆಯಲ್ಲಿ ಅದು 55ರಿಂದ 60ಕ್ಕೆ ಇಳಿದಿರುವುದು ಸಹಜ.

ಒಂದು ಸಿಲಿಂಡರು ಎಷ್ಟು ಯೂನಿಟ್ಟಿಗೆ ಸಮ?

ಗೃಹ ಬಳಕೆಯ 14.2 ಕಿಲೋಗ್ರಾಂ ಸಿಲಿಂಡರಿನಲ್ಲಿರುವ ಅನಿಲವು ಪೂರ್ಣವಾಗಿ ಉರಿದಾಗ ದೊರೆಯುವ ಶಾಖವು ಸುಮಾರು 180 ಯೂನಿಟ್ ವಿದ್ಯುತ್ತಿಗೆ ಸಮ. ಅದರಲ್ಲಿ ಪಾತ್ರೆಗೆ ತಲುಪುವುದು 100ರಿಂದ 123 ಯೂನಿಟ್‌ಗಳಷ್ಟು. ಅಷ್ಟೇ ಶಾಖವನ್ನು ಇಂಡಕ್ಷನ್ ಒಲೆಯಿಂದ ಪಡೆಯಲು 120ರಿಂದ 145 ಯೂನಿಟ್ ಬೇಕಾಗುತ್ತದೆ. ಲೆಕ್ಕದ ಅನುಕೂಲಕ್ಕಾಗಿ 130 ಎಂದು ಇಟ್ಟುಕೊಳ್ಳಬಹುದು.

ಈ ಒಂದು ಸಂಖ್ಯೆಯಿಂದ ಬಹುಪಾಲು ಸಂದೇಹಗಳು ಪರಿಹಾರವಾಗುತ್ತವೆ. ತಮ್ಮ ಊರಿನಲ್ಲಿ ಈಗ ಸಿಲಿಂಡರಿಗೆ ಕೊಡುತ್ತಿರುವ ಹಣವನ್ನು 130ರಿಂದ ಭಾಗಿಸಿರಿ. ಬರುವ ಮೊತ್ತಕ್ಕಿಂತ ತಮ್ಮ ಒಂದು ಯೂನಿಟ್ ವಿದ್ಯುತ್ತಿನ ಒಟ್ಟು ವೆಚ್ಚ ಕಡಿಮೆಯಿದ್ದಲ್ಲಿ ಇಂಡಕ್ಷನ್ ಅಗ್ಗ. ಹೆಚ್ಚಿದ್ದಲ್ಲಿ ಅನಿಲವೇ ಅಗ್ಗ. ಉದಾಹರಣೆಗೆ, 2025ರ ಏಪ್ರಿಲ್ ತಿಂಗಳಿನಲ್ಲಿ 50 ರೂಪಾಯಿ ಏರಿಕೆಯಾದ ನಂತರ ಬೆಂಗಳೂರಿನಲ್ಲಿ ಸಿಲಿಂಡರಿನ ದರ 855 ರೂಪಾಯಿ 50 ಪೈಸೆ ಇತ್ತು. ಇದನ್ನು 130ರಿಂದ ಭಾಗಿಸಿದರೆ 6 ರೂಪಾಯಿ 58 ಪೈಸೆ. ಅದೇ ತಿಂಗಳಿನಿಂದ ರಾಜ್ಯದಲ್ಲಿ ಜಾರಿಗೆ ಬಂದ ಗೃಹ ಬಳಕೆಯ ವಿದ್ಯುತ್ ದರ ಯೂನಿಟ್ಟಿಗೆ 5 ರೂಪಾಯಿ 80 ಪೈಸೆ. ಇದಕ್ಕೆ ಪಿಂಚಣಿ ಮತ್ತು ಉಪದಾನದ ಬಾಬ್ತು 36 ಪೈಸೆ ಹಾಗೂ ವಿದ್ಯುತ್ ತೆರಿಗೆ ಸೇರಿದಾಗ ಸುಮಾರು 6 ರೂಪಾಯಿ 70 ಪೈಸೆ. ಅಂದರೆ ಪೂರ್ಣ ದರ ತೆರುವ ಮನೆಗೆ ಆ ದರಗಳಲ್ಲಿ ಎರಡೂ ಒಲೆಗಳ ಖರ್ಚು ಹೆಚ್ಚುಕಡಿಮೆ ಒಂದೇ. ಅರ್ಧಕ್ಕರ್ಧ ಉಳಿತಾಯವೆಂದು ಅಂಗಡಿಯಲ್ಲಿ ಹೇಳುವ ಮಾತಿಗೆ ಈ ಲೆಕ್ಕದಲ್ಲಿ ಆಧಾರವಿಲ್ಲ. ಎರಡೂ ದರಗಳು ಪರಿಷ್ಕರಣೆಗೆ ಒಳಪಡುವುದರಿಂದ ಮೇಲಿನ ಅಂಕಿಗಳನ್ನು ಮಾದರಿಯಾಗಿ ಮಾತ್ರ ಭಾವಿಸಿ, ತಮ್ಮ ಇತ್ತೀಚಿನ ಬಿಲ್ಲು ಮತ್ತು ಸಿಲಿಂಡರಿನ ರಸೀದಿಯನ್ನು ಇಟ್ಟುಕೊಂಡು ಲೆಕ್ಕ ಮಾಡತಕ್ಕದ್ದು.

ಪ್ರಧಾನಮಂತ್ರಿ ಉಜ್ವಲ ಯೋಜನೆಯ ಫಲಾನುಭವಿಗಳ ವಿಷಯ ಬೇರೆ. 2023ರ ಅಕ್ಟೋಬರ್‌ನಿಂದ ಅವರಿಗೆ ಪ್ರತಿ ಸಿಲಿಂಡರಿಗೆ 300 ರೂಪಾಯಿ ಸಹಾಯಧನ ನಿಗದಿಯಾಯಿತು. 2025-26ನೇ ಸಾಲಿಗೆ ಅದನ್ನು ವರ್ಷಕ್ಕೆ 9 ಸಿಲಿಂಡರುಗಳಿಗೆ ಸೀಮಿತಗೊಳಿಸಲಾಯಿತು. ಈ ಸಹಾಯಧನವನ್ನು ಕಳೆದು ಲೆಕ್ಕ ಹಾಕಿದರೆ, ಪೂರ್ಣ ದರದ ವಿದ್ಯುತ್ತಿಗಿಂತ ಅನಿಲವೇ ಅವರಿಗೆ ಸ್ಪಷ್ಟವಾಗಿ ಅಗ್ಗ.

ಗೃಹಜ್ಯೋತಿ ಫಲಾನುಭವಿಗಳು ವಿಶೇಷವಾಗಿ ಗಮನಿಸಬೇಕಾದ ಅಂಶ

ಗೃಹಜ್ಯೋತಿ ಯೋಜನೆಯು 2023ರ ಜುಲೈ ತಿಂಗಳ ಬಳಕೆಯಿಂದ ಜಾರಿಗೆ ಬಂದಿದ್ದು, ಅದರಡಿ ಪ್ರತಿ ಮನೆಗೂ 200 ಯೂನಿಟ್ ಉಚಿತವೆಂಬ ತಪ್ಪು ತಿಳುವಳಿಕೆ ಇದೆ. ವಾಸ್ತವವಾಗಿ 2022-23ನೇ ಸಾಲಿನ ಮಾಸಿಕ ಸರಾಸರಿ ಬಳಕೆಗೆ ಅಲ್ಪ ಪ್ರಮಾಣದ ಹೆಚ್ಚುವರಿಯನ್ನು ಸೇರಿಸಿ ಪ್ರತಿ ಸಂಪರ್ಕಕ್ಕೂ ಪ್ರತ್ಯೇಕವಾಗಿ ಅರ್ಹ ಯೂನಿಟ್‌ಗಳನ್ನು ನಿಗದಿಪಡಿಸಲಾಗಿದೆ. ಬಳಕೆಯು ಈ ಅರ್ಹ ಪ್ರಮಾಣದೊಳಗೆ ಇದ್ದರೆ ಶೂನ್ಯ ಬಿಲ್ಲು. ಅರ್ಹ ಪ್ರಮಾಣವನ್ನು ಮೀರಿ 200 ಯೂನಿಟ್‌ಗಳೊಳಗೆ ಇದ್ದರೆ ಹೆಚ್ಚುವರಿ ಯೂನಿಟ್‌ಗಳಿಗೆ ಮಾತ್ರ ಹಣ ಪಾವತಿಸಬೇಕು. ತಿಂಗಳ ಬಳಕೆ 200 ಯೂನಿಟ್‌ಗಳನ್ನು ಮೀರಿತೆಂದರೆ ಆ ತಿಂಗಳ ಸಂಪೂರ್ಣ ಬಿಲ್ಲನ್ನು ಗ್ರಾಹಕರೇ ಭರಿಸಬೇಕಾಗುತ್ತದೆ.

ನಾಲ್ಕು ಜನರ ಒಂದು ಕುಟುಂಬವನ್ನು ಊಹಿಸೋಣ. ಅರ್ಹ ಪ್ರಮಾಣ 110 ಯೂನಿಟ್, ಈಗಿನ ಬಳಕೆ 105 ಯೂನಿಟ್, ಸಿಲಿಂಡರು 45 ದಿನ ಬರುತ್ತದೆ. ಅಡುಗೆಯನ್ನೆಲ್ಲ ಇಂಡಕ್ಷನ್ ಒಲೆಗೆ ವರ್ಗಾಯಿಸಿದರೆ ತಿಂಗಳಿಗೆ ಸುಮಾರು 90 ಯೂನಿಟ್ ಸೇರಿ ಬಳಕೆ 195ಕ್ಕೆ ಬರುತ್ತದೆ. ಹೆಚ್ಚುವರಿ 85 ಯೂನಿಟ್‌ಗಳಿಗೆ ಮೇಲೆ ಹೇಳಿದ ದರದಲ್ಲಿ ಸುಮಾರು 570 ರೂಪಾಯಿ ಕೊಡಬೇಕು. ಸಿಲಿಂಡರಿನಲ್ಲಿ ಉಳಿಯುವುದೂ ತಿಂಗಳಿಗೆ ಸುಮಾರು 570 ರೂಪಾಯಿಯೇ. ಲಾಭವೂ ಇಲ್ಲ, ನಷ್ಟವೂ ಇಲ್ಲ. ಆದರೆ ಏಪ್ರಿಲ್ ತಿಂಗಳಿನಲ್ಲಿ ಫ್ಯಾನು ರಾತ್ರಿಯಿಡೀ ತಿರುಗಿ, ಹಬ್ಬಕ್ಕೆ ನೆಂಟರು ಬಂದು ಬಳಕೆ 205ಕ್ಕೆ ಏರಿತೆಂದು ಭಾವಿಸಿರಿ. ಆಗ 205 ಯೂನಿಟ್‌ಗಳಿಗೂ ದರ, ನಿಗದಿತ ಶುಲ್ಕ ಮತ್ತು ತೆರಿಗೆ ಸೇರಿ ಬಿಲ್ಲು ಒಂದೂವರೆ ಸಾವಿರ ರೂಪಾಯಿ ದಾಟುತ್ತದೆ. ಕೇವಲ ಹತ್ತು ಯೂನಿಟ್‌ಗಳ ವ್ಯತ್ಯಾಸಕ್ಕೆ ಸುಮಾರು ಒಂದು ಸಾವಿರ ರೂಪಾಯಿ ಹೆಚ್ಚು ತೆತ್ತಂತಾಗುತ್ತದೆ. ಸರಿಯಾಗಿ ಬಜೆಟ್ ಮಾಡಿ ಬದುಕುವ ಮನೆಗೆ ಇದು ಸಣ್ಣ ಮೊತ್ತವಲ್ಲ.

ಇನ್ನೊಂದು ಮನೆಯಲ್ಲಿ ಅರ್ಹ ಪ್ರಮಾಣ 150 ಯೂನಿಟ್. ಮಕ್ಕಳು ಓದಿಗೆಂದು ಹೊರ ಊರಿಗೆ ಹೋದ ಮೇಲೆ ಬಳಕೆ 110ಕ್ಕೆ ಇಳಿದಿದೆ. ಈ ಮನೆಗೆ ಪ್ರತಿ ತಿಂಗಳೂ 40 ಯೂನಿಟ್ ಬಳಸದೇ ಉಳಿಯುತ್ತಿದೆ. ಅಷ್ಟರ ಮಟ್ಟಿಗೆ ಇಂಡಕ್ಷನ್ ಒಲೆ ಬಳಸಿದರೆ ಬಿಲ್ಲು ಶೂನ್ಯವಾಗಿಯೇ ಇದ್ದು, ಸಿಲಿಂಡರಿನ ಮೂರನೆಯ ಒಂದು ಭಾಗ, ಅಂದರೆ ಸುಮಾರು 260 ರೂಪಾಯಿ, ಪ್ರತಿ ತಿಂಗಳು ಉಳಿಯುತ್ತದೆ. ಹಣದ ದೃಷ್ಟಿಯಿಂದ ಇಂಡಕ್ಷನ್ ಒಲೆ ನಿಜವಾಗಿ ಪ್ರಯೋಜನಕಾರಿಯಾಗುವುದು ಇಂತಹ ಮನೆಗಳಿಗೆ. ಆದುದರಿಂದ ಬಿಲ್ಲಿನಲ್ಲಿ ಮುದ್ರಿತವಾಗಿರುವ ಅರ್ಹ ಯೂನಿಟ್‌ಗಳನ್ನೂ ಹಿಂದಿನ ಹನ್ನೆರಡು ತಿಂಗಳ ಬಳಕೆಯನ್ನೂ, ವಿಶೇಷವಾಗಿ ಬೇಸಿಗೆಯ ತಿಂಗಳುಗಳನ್ನು, ಮೊದಲು ಹೋಲಿಸಿ ನೋಡತಕ್ಕದ್ದು.

ಲೆಕ್ಕದ ಮೇಲೆ ನಂಬಿಕೆ ಬಾರದವರು ಪರೀಕ್ಷೆ ಮಾಡಿ ನೋಡಬಹುದು. ಪರಿಚಯದವರಿಂದ ಒಲೆಯನ್ನು ಒಂದು ವಾರದ ಮಟ್ಟಿಗೆ ಎರವಲು ತಂದು, ಮೊದಲ ದಿನ ಮತ್ತು ಕೊನೆಯ ದಿನ ಮೀಟರಿನ ಓದನ್ನು ಬರೆದಿಟ್ಟುಕೊಂಡು, ಒಲೆ ಬಳಸದ ಒಂದು ವಾರದೊಂದಿಗೆ ಹೋಲಿಸಿದರೆ ಸಾಕು. ಒಂದು ಲೀಟರ್ ನೀರನ್ನು ಕುದಿಸಲು ಸುಮಾರು 0.1 ಯೂನಿಟ್ ಬೇಕು ಎಂಬುದು ಅಂದಾಜಿಗೆ ನೆರವಾದೀತು.

ಮಂಜೂರಾದ ಲೋಡ್ ಮತ್ತು ವೈರಿಂಗ್

ಮಾರುಕಟ್ಟೆಯಲ್ಲಿ ದೊರೆಯುವ ಒಂಟಿ ಒಲೆಗಳು ಸಾಮಾನ್ಯವಾಗಿ 1200ರಿಂದ 2000 ವ್ಯಾಟ್ ಸಾಮರ್ಥ್ಯದವು. ಹಳೆಯ ಮನೆಗಳಲ್ಲಿ ಮಂಜೂರಾದ ಲೋಡ್ ಒಂದು ಕಿಲೋವ್ಯಾಟ್ ಮಾತ್ರ ಇರುವುದುಂಟು. ಅಂತಹ ಮನೆಯಲ್ಲಿ 2000 ವ್ಯಾಟಿನ ಒಲೆಯೊಂದೇ ಮಂಜೂರಾತಿಯ ಎರಡರಷ್ಟಾಗುತ್ತದೆ. ಅದರೊಂದಿಗೆ ಗೀಸರ್ ಅಥವಾ ನೀರೆತ್ತುವ ಪಂಪು ಸೇರಿದರೆ ಹೇಳುವುದೇ ಬೇಡ. ಎಲೆಕ್ಟ್ರಾನಿಕ್ ಮೀಟರುಗಳು ಗರಿಷ್ಠ ಬೇಡಿಕೆಯನ್ನೂ ದಾಖಲಿಸುತ್ತವೆ. ಮಂಜೂರಾದ ಲೋಡನ್ನು ಮೀರಿದ ಬಳಕೆಗೆ ನಿಯಮಾನುಸಾರ ಹೆಚ್ಚುವರಿ ಶುಲ್ಕ ಬೀಳಬಹುದು. ಆದುದರಿಂದ ನಿತ್ಯವೂ ಈ ಒಲೆ ಬಳಸುವವರು ಲೋಡ್ ಹೆಚ್ಚಳಕ್ಕೆ ಅರ್ಜಿ ಸಲ್ಲಿಸುವುದು ಒಳಿತು. ನಿಗದಿತ ಶುಲ್ಕವನ್ನು ಪ್ರತಿ ಕಿಲೋವ್ಯಾಟಿಗೆ ಇಷ್ಟೆಂದು ವಿಧಿಸುವುದರಿಂದ, ಲೋಡ್ ಹೆಚ್ಚಿಸಿಕೊಂಡ ಪೂರ್ಣ ದರದ ಗ್ರಾಹಕರಿಗೆ ಒಲೆ ಬಳಸದ ತಿಂಗಳೂ ಆ ಹೆಚ್ಚಳ ಬಿಲ್ಲಿನಲ್ಲಿ ಇರುತ್ತದೆಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

2000 ವ್ಯಾಟಿನ ಒಲೆಯು 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಮೊಬೈಲ್ ಚಾರ್ಜರ್, ಟೇಬಲ್ ಫ್ಯಾನುಗಳಿಗೆ ಬಳಸುವ 6 ಆಂಪಿಯರಿನ ಸಣ್ಣ ಸಾಕೆಟ್ ಇದಕ್ಕೆ ತಕ್ಕುದಲ್ಲ. ಮೂರು ದಪ್ಪ ರಂಧ್ರಗಳ 16 ಆಂಪಿಯರ್ ಪವರ್ ಸಾಕೆಟ್, ಅದಕ್ಕೆ ಕನಿಷ್ಠ 2.5 ಚದರ ಮಿಲಿಮೀಟರ್ ತಾಮ್ರದ ವೈರು, ಪ್ರತ್ಯೇಕ ಎಂಸಿಬಿ ಮತ್ತು ಸರಿಯಾದ ಅರ್ಥಿಂಗ್ ಇರತಕ್ಕದ್ದು. ಭೂಸೋರಿಕೆಯನ್ನು ಗ್ರಹಿಸಿ ಸಂಪರ್ಕ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಅಳವಡಿಸಿದ್ದರೆ ಇನ್ನೂ ಕ್ಷೇಮ. ದೊಡ್ಡ ಪ್ಲಗ್ಗಿನ ಕಾಲುಗಳನ್ನು ಸಣ್ಣ ಸಾಕೆಟ್ಟಿಗೆ ಹೊಂದಿಸುವ ಅಡಾಪ್ಟರುಗಳನ್ನೂ ಎಕ್ಸ್‌ಟೆನ್ಷನ್ ಪೆಟ್ಟಿಗೆಗಳನ್ನೂ ಈ ಒಲೆಗೆ ಬಳಸಬಾರದು. ಸಾಕೆಟ್ ಬೆಚ್ಚಗಾಗುವುದು, ಪ್ಲಗ್ಗಿನ ಸುತ್ತ ಕಂದು ಬಣ್ಣ ಕಾಣುವುದು ವೈರು ಸುಡುತ್ತಿರುವುದರ ಮುನ್ಸೂಚನೆ. ಒಡನೆಯೇ ಬಳಕೆ ನಿಲ್ಲಿಸಿ, ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದ ಪರಿಶೀಲನೆ ಮಾಡಿಸಬೇಕು. ಈ ಖರ್ಚು ಒಲೆಯ ಬೆಲೆಗಿಂತ ಹೆಚ್ಚಾದರೂ ಆಗಬಹುದು. ಆದರೆ ಇದನ್ನು ಬಿಟ್ಟು ಮುಂದುವರಿಯುವಂತಿಲ್ಲ.

ಪಾತ್ರೆಗಳು ಮತ್ತು ನಮ್ಮ ಅಡುಗೆ

ಅಯಸ್ಕಾಂತ ಅಂಟುವ, ಸಪಾಟು ತಳದ ಪಾತ್ರೆ ಮಾತ್ರ ಈ ಒಲೆಯಲ್ಲಿ ಬಿಸಿಯಾಗುತ್ತದೆ. ಮನೆಯಲ್ಲಿರುವ ಪಾತ್ರೆಗಳ ತಳಕ್ಕೆ ಒಂದು ಸಣ್ಣ ಅಯಸ್ಕಾಂತ ಹಿಡಿದು ನೋಡಿದರೆ ಐದು ನಿಮಿಷದಲ್ಲಿ ವಿಷಯ ತಿಳಿಯುತ್ತದೆ. ಅಲ್ಯೂಮಿನಿಯಂ ಪಾತ್ರೆ, ಹಿತ್ತಾಳೆ, ತಾಮ್ರ, ಮಣ್ಣಿನ ಮಡಕೆ, ಕಲ್ಲಿನ ಚಟ್ಟಿ ಇವು ಯಾವುವೂ ಕೆಲಸಕ್ಕೆ ಬರುವುದಿಲ್ಲ. ಸ್ಟೀಲ್ ಪಾತ್ರೆಗಳಲ್ಲಿಯೂ ಎಲ್ಲವಕ್ಕೂ ಅಯಸ್ಕಾಂತ ಅಂಟುವುದಿಲ್ಲ. ಕುಕ್ಕರ್ ಕೊಳ್ಳುವಾಗ ಇಂಡಕ್ಷನ್ ತಳದ್ದೆಂದು ಕೇಳಿ ಕೊಳ್ಳಬೇಕು.

ಅಡುಗೆಯ ಬಗೆಯನ್ನೂ ಯೋಚಿಸಬೇಕು. ಅನ್ನ, ಬೇಳೆ, ಸಾರು, ಹಾಲು, ಕಾಫಿ, ಇಡ್ಲಿಗೆ ಈ ಒಲೆ ಅನಿಲದ ಒಲೆಗಿಂತ ಬೇಗ. ಸಪಾಟಾದ ಕಬ್ಬಿಣದ ಕಾವಲಿಯಲ್ಲಿ ದೋಸೆಯೂ ಚೆನ್ನಾಗಿಯೇ ಬರುತ್ತದೆ; ಆದರೆ ಸುರುಳಿಯ ವ್ಯಾಸಕ್ಕಿಂತ ಕಾವಲಿ ದೊಡ್ಡದಾದರೆ ನಡುವೆ ಸೀದು ಅಂಚು ಹಸಿಯಾಗಿ ಉಳಿಯುತ್ತದೆ. ಮುದ್ದೆಯ ವಿಷಯದಲ್ಲಿ ಎಚ್ಚರಿಕೆ ಅಗತ್ಯ. ಮುದ್ದೆ ಮಾಡುವ ಪಾತ್ರೆ ಅನೇಕ ಮನೆಗಳಲ್ಲಿ ಅಲ್ಯೂಮಿನಿಯಂನದು. ತಕ್ಕ ಪಾತ್ರೆ ಇದ್ದರೂ, ಗಾಜಿನ ಹಲಗೆಯ ಮೇಲಿಟ್ಟು ಕೋಲಿನಿಂದ ಬಲವಾಗಿ ತಿರುವಿದರೆ ಪಾತ್ರೆ ಜಾರುವ, ಗಾಜು ಸೀಳುವ ಸಂಭವವಿದೆ. ಹಿಟ್ಟು ಬೆಂದ ಮೇಲೆ ಪಾತ್ರೆಯನ್ನು ನೆಲಕ್ಕಿಳಿಸಿ ತಿರುವುವುದೇ ಸರಿ. ಜೋಳದ ರೊಟ್ಟಿಯನ್ನು ಕೊನೆಗೆ ಕೆಂಡಕ್ಕೋ ಉರಿಗೋ ಹಿಡಿದು ಉಬ್ಬಿಸುವವರು, ಬದನೆಕಾಯಿ ಸುಟ್ಟು ಗೊಜ್ಜು ಮಾಡುವವರು, ಹಪ್ಪಳ ಸುಡುವವರು ಜ್ವಾಲೆಯನ್ನು ಬಿಡಲಾರರು. ಅದಕ್ಕೆ ಇಂಡಕ್ಷನ್ ಒಲೆಯಲ್ಲಿ ಪರ್ಯಾಯವಿಲ್ಲ. ಯಾವ ಪಾತ್ರೆಯನ್ನಾದರೂ ಇಡಬಹುದಾದ ಇನ್‌ಫ್ರಾರೆಡ್ ಒಲೆಗಳೂ ಮಾರುಕಟ್ಟೆಯಲ್ಲಿವೆ. ಅವುಗಳಲ್ಲಿ ಗಾಜೇ ಕಾಯುವುದರಿಂದ ವಿದ್ಯುತ್ ಹೆಚ್ಚು ಬೇಕು, ಮೇಲಿನ ಲೆಕ್ಕ ಅವಕ್ಕೆ ಅನ್ವಯಿಸುವುದಿಲ್ಲ.

ವಿದ್ಯುತ್ ಪೂರೈಕೆಯ ಸ್ಥಿತಿ

ಮಳೆಗಾಲದಲ್ಲಿ ಮರ ಬಿದ್ದು ಒಂದೆರಡು ದಿನ ವಿದ್ಯುತ್ ಇಲ್ಲದಿರುವುದು ಮಲೆನಾಡು ಮತ್ತು ಕರಾವಳಿಯ ಹಳ್ಳಿಗಳವರಿಗೆ ಹೊಸದಲ್ಲ. 2023ರಲ್ಲಿ ಮಳೆ ಕೈಕೊಟ್ಟಾಗ ಅಕ್ಟೋಬರ್ ತಿಂಗಳಿನಲ್ಲಿ ರಾಜ್ಯಾದ್ಯಂತ ವಿದ್ಯುತ್ ಕೊರತೆ ಉಂಟಾಗಿತ್ತು. ಮನೆಗಳಲ್ಲಿರುವ ಸಾಮಾನ್ಯ ಯುಪಿಎಸ್ ದೀಪ, ಫ್ಯಾನುಗಳಿಗೆ ಸಾಕಾಗುವುದೇ ವಿನಾ ಈ ಒಲೆಯನ್ನು ನಡೆಸಲಾರದು. ತೋಟದ ಮನೆಗಳಲ್ಲಿ, ಮಾರ್ಗದ ಕೊನೆಯಲ್ಲಿರುವ ಮನೆಗಳಲ್ಲಿ ಸಂಜೆ ವೋಲ್ಟೇಜ್ ಇಳಿದಾಗ ಒಲೆಯು ತಾನಾಗಿಯೇ ದೋಷಸೂಚನೆ ತೋರಿಸಿ ನಿಂತುಬಿಡುತ್ತದೆ. ಬಲ್ಬು ಮಂಕಾಗುವ ಹೊತ್ತಿಗೇ ಅಡುಗೆಯ ಹೊತ್ತೂ ಆಗಿರುವ ಮನೆಯವರು ಕೇವಲ ವಿದ್ಯುತ್ ಒಲೆಯನ್ನು ನೆಚ್ಚಿಕೊಳ್ಳುವುದು ಉಚಿತವಲ್ಲ.

ಸುರಕ್ಷತೆ

ಸೆರಗಿಗೆ ಬೆಂಕಿ ತಗಲುವ, ಅನಿಲ ಸೋರುವ ಭಯ ಇಲ್ಲದಿರುವುದು ಈ ಒಲೆಯ ದೊಡ್ಡ ಗುಣ. ವಯಸ್ಸಾದವರು ಒಬ್ಬರೇ ಇರುವ ಮನೆಗೆ, ಕಿಟಕಿಯಿಲ್ಲದ ಇಕ್ಕಟ್ಟಿನ ಅಡುಗೆಮನೆಗೆ ಹಣದ ಲೆಕ್ಕವನ್ನು ಬದಿಗಿಟ್ಟಾದರೂ ಇದನ್ನು ಪರಿಗಣಿಸಬಹುದೆಂಬುದು ನಮ್ಮ ಅಭಿಪ್ರಾಯ. ಅನಿಲ ಉರಿದಾಗಲೂ ನೈಟ್ರೋಜನ್ ಡೈಆಕ್ಸೈಡ್ ಮುಂತಾದವು ಅಲ್ಪ ಪ್ರಮಾಣದಲ್ಲಿ ಹೊರಬೀಳುತ್ತವೆ. ಇಲ್ಲಿ ಅದೂ ಇಲ್ಲ. ಆದರೆ ಉರಿ ಕಾಣದ ಕಾರಣ ಮರೆವು ಸುಲಭ. ಎಣ್ಣೆಯಿರುವ ಬಾಣಲೆ ಕೆಲವೇ ನಿಮಿಷಗಳಲ್ಲಿ ಹೊಗೆಯಾಡುವಷ್ಟು ಕಾಯುತ್ತದೆ. ಒಲೆ ಆರಿಸಿದ ಮೇಲೂ ಗಾಜು ಸ್ವಲ್ಪ ಹೊತ್ತು ಸುಡುತ್ತದೆ. ಮಕ್ಕಳ ಕೈಗೆ ಸಿಗದಂತೆ ಇಡಬೇಕು. ಹಾಲು ಅಥವಾ ಗಂಜಿ ಉಕ್ಕಿ ಅಡಿಯ ಗಾಳಿಕಿಂಡಿಗೆ ಇಳಿದರೆ, ಇಲ್ಲವೇ ಜಿರಳೆಗಳು ಒಳಸೇರಿದರೆ ಸರ್ಕ್ಯೂಟ್ ಹಾಳಾಗುವುದುಂಟು. ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿಕೊಂಡವರು ಉರಿಯುತ್ತಿರುವ ಒಲೆಯಿಂದ ಕನಿಷ್ಠ 60 ಸೆಂಟಿಮೀಟರ್ ದೂರವಿರಬೇಕು ಮತ್ತು ಕೊಳ್ಳುವ ಮೊದಲೇ ವೈದ್ಯರ ಸಲಹೆ ಪಡೆಯಬೇಕು.

ಅನಿಲ ಸಂಪರ್ಕವನ್ನು ಹಿಂದಿರುಗಿಸುವ ಮುನ್ನ

ಇಂಡಕ್ಷನ್ ಒಲೆ ಬಂದಿತೆಂದು ಅನಿಲ ಸಂಪರ್ಕವನ್ನು ಆತುರದಿಂದ ಹಿಂದಿರುಗಿಸಬಾರದೆಂದು ಸಲಹೆ ನೀಡಲಾಗಿದೆ. ಸಂಪರ್ಕ ಹಿಂದಿರುಗಿಸಿದಾಗ ದೊರೆಯುವುದು ಹಿಂದೆ ಕಟ್ಟಿದ ಠೇವಣಿ ಮಾತ್ರ. 2022ರ ಜೂನ್‌ನಲ್ಲಿ 14.2 ಕಿಲೋಗ್ರಾಂ ಸಿಲಿಂಡರಿನ ಠೇವಣಿಯನ್ನು 1450 ರೂಪಾಯಿಯಿಂದ 2200 ರೂಪಾಯಿಗೆ ಏರಿಸಲಾಯಿತು. ಅದಕ್ಕೂ ಹಿಂದೆ ಸಂಪರ್ಕ ಪಡೆದವರು ಕಡಿಮೆ ಠೇವಣಿಯನ್ನು ವಾಪಸು ಪಡೆದು, ಮತ್ತೆ ಬೇಕಾದಾಗ ಹೆಚ್ಚಿನ ಠೇವಣಿ ಕಟ್ಟಬೇಕಾಗುತ್ತದೆ. ಉಜ್ವಲ ಯೋಜನೆಯಡಿ ಠೇವಣಿಯಿಲ್ಲದೆ ಸಂಪರ್ಕ ಪಡೆದವರಂತೂ ಬಿಟ್ಟುಕೊಡುವ ಯೋಚನೆಯನ್ನೇ ಮಾಡಬಾರದು. ಎರಡು ಸಿಲಿಂಡರುಗಳಿರುವ ಮನೆಯವರು ಬೇಕಿದ್ದರೆ, ಒಂದು ವರ್ಷ ನೋಡಿ, ಒಂದನ್ನು ಹಿಂದಿರುಗಿಸಬಹುದು. ಬಹುಪಾಲು ಮನೆಗಳಿಗೆ ಇಂಡಕ್ಷನ್ ಒಲೆಯು ಎರಡನೆಯ ಒಲೆಯಾಗಿಯೇ ಹೆಚ್ಚು ಉಪಯುಕ್ತ: ಬೆಳಗಿನ ಕಾಫಿ, ಹಾಲು, ಕುಕ್ಕರ್ ಇದರಲ್ಲಿ, ರೊಟ್ಟಿ, ಮುದ್ದೆ, ಒಗ್ಗರಣೆ ಅನಿಲದಲ್ಲಿ. ಬುಕ್ ಮಾಡಿದ ಸಿಲಿಂಡರು ಬರಲು ತಡವಾದಾಗ ಒಲೆ ಹತ್ತದ ಮನೆಯಲ್ಲಿ ಅದರ ಬೆಲೆ ತಿಳಿಯುತ್ತದೆ.

ಖರೀದಿ ಮತ್ತು ಅರ್ಜಿ

ಒಲೆಯ ಮೇಲೆ ಐಎಸ್‌ಐ ಗುರುತು ಇರುವುದನ್ನು ಖಚಿತಪಡಿಸಿಕೊಳ್ಳಿರಿ. ಗುರುತಿನೊಂದಿಗೆ ಮುದ್ರಿತವಾಗಿರುವ, ಸಿಎಂ/ಎಲ್ ಎಂದು ಆರಂಭವಾಗುವ ಪರವಾನಗಿ ಸಂಖ್ಯೆಯನ್ನು ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಪರೀಕ್ಷಿಸಬಹುದು. ಖಾತರಿ ಪತ್ರದಲ್ಲಿ ಗಾಜಿನ ಹಲಗೆಯನ್ನು ಸೇರಿಸಲಾಗಿದೆಯೇ ಎಂದು ಓದಿ ನೋಡಬೇಕು; ಎಷ್ಟೋ ವೇಳೆ ಸೇರಿಸಿರುವುದಿಲ್ಲ. ಒಬ್ಬಿಬ್ಬರಿರುವ ಮನೆಗೆ 1200 ವ್ಯಾಟಿನ ಒಲೆ ಸಾಕು. ದೊಡ್ಡದು ಬೇಗ ಕಾಯಿಸುತ್ತದೆಯೇ ಹೊರತು ಒಟ್ಟು ಯೂನಿಟ್‌ಗಳನ್ನು ಉಳಿಸುವುದಿಲ್ಲ.

ಲೋಡ್ ಹೆಚ್ಚಳ ಕೋರುವವರು ತಮ್ಮ ವಿದ್ಯುತ್ ಸರಬರಾಜು ಕಂಪನಿಯ ಉಪವಿಭಾಗ ಕಚೇರಿಯಲ್ಲಿ ಅಥವಾ ಕಂಪನಿಯ ಜಾಲತಾಣದ ಮೂಲಕ ಅರ್ಜಿ ಸಲ್ಲಿಸಬೇಕು. ಆರ್.ಆರ್. ಸಂಖ್ಯೆಯಿರುವ ಇತ್ತೀಚಿನ ಬಿಲ್ಲು, ಗುರುತಿನ ದಾಖಲೆ ಮತ್ತು ಪರವಾನಗಿ ಪಡೆದ ಗುತ್ತಿಗೆದಾರರ ವೈರಿಂಗ್ ವರದಿಯನ್ನು ಸಿದ್ಧವಾಗಿಟ್ಟುಕೊಳ್ಳಬೇಕು. ಹೆಚ್ಚುವರಿ ಲೋಡಿಗೆ ತಕ್ಕ ಭದ್ರತಾ ಠೇವಣಿಯನ್ನು ಪಾವತಿಸಬೇಕಾಗುತ್ತದೆ. ಬಾಡಿಗೆ ಮನೆಯಲ್ಲಿರುವವರು ಮಾಲೀಕರ ಒಪ್ಪಿಗೆಯಿಲ್ಲದೆ ವೈರಿಂಗ್ ಬದಲಿಸಬಾರದು. ಸಂಪರ್ಕವು ಮಾಲೀಕರ ಹೆಸರಿನಲ್ಲಿದ್ದರೆ ಲೋಡ್ ಹೆಚ್ಚಳದ ಅರ್ಜಿಯೂ ಅವರ ಮೂಲಕವೇ ಬರಬೇಕು.

ಕಡಿಮೆ ವೋಲ್ಟೇಜ್, ಬಿಲ್ಲು ಅಥವಾ ವಿದ್ಯುತ್ ಅಡಚಣೆಯ ದೂರುಗಳಿಗೆ 1912 ಸಂಖ್ಯೆಗೂ, ಅನಿಲ ಸೋರಿಕೆಯ ತುರ್ತು ಸಂದರ್ಭಗಳಲ್ಲಿ 1906 ಸಂಖ್ಯೆಗೂ ಕರೆ ಮಾಡಬಹುದು. ದೂರು ನೀಡುವಾಗ ಬಿಲ್ಲಿನಲ್ಲಿರುವ ಖಾತೆ ಸಂಖ್ಯೆಯನ್ನು ಕೈಯಲ್ಲಿ ಇಟ್ಟುಕೊಳ್ಳಲು ಕೋರಲಾಗಿದೆ.